ಪೂರ್ವದ ಕಿಟಕಿ

ಮಾರ್ಚ್ 3, ಸೋಮವಾರ
ಇವತ್ತೂ ಟೇಪ್ ಹಿಡಿದು ಅಳೆಯುವುದರಲ್ಲೇ ದಿನ ಹೋಯಿತು. ಕಂಪನಿ ಜಪಾನಿನವರ ಕೈಗೆ ಹೋದ ಮೇಲೆ ಆಫೀಸೂ ಅವರ ಥರ ಆಗಬೇಕಂತೆ. ಟೋಕಿಯೊದಿಂದ ಬಂದ ಡ್ರಾಯಿಂಗ್‌ನಲ್ಲಿ ಒಂದೂ ಕ್ಯಾಬಿನ್ ಇಲ್ಲ. ಮೇಜಿಗೆ ಮೇಜು ತಾಗಿಸಿ ಎದುರುಬದುರು ಸಾಲು, ಸಾಲಿನ ತಲೆಯಲ್ಲಿ ಚೀಫ್. ಯಾರನ್ನು ಎಲ್ಲಿ ಕೂರಿಸಬೇಕು ಅನ್ನುವುದು ಅಡ್ಮಿನ್ ಆದ ನನ್ನ ತಲೆಗೆ. ನಾನು ಹಿಂದೆ ಇದ್ದ ಅಮೆರಿಕನ್ ಕಂಪನಿಯಲ್ಲಿ ಯಾರಿಗೂ ಸ್ವಂತ ಜಾಗವೇ ಇರಲಿಲ್ಲ, ಬೇಗ ಬಂದವರಿಗೆ ಒಳ್ಳೆ ಕುರ್ಚಿ. ನಮ್ಮ ಈ ರಾಜಾಜಿನಗರದ ಆಫೀಸಿನಲ್ಲಿ ಕ್ಯಾಬಿನ್ ಅಂದರೆ ಮಾನ.

ಪರ್ಚೇಸ್ ಹೆಡ್ ಗೋಪೀನಾಥ ಸಾರ್ ಬಂದು ನಿಂತರು.
"ಕ್ಯಾಬಿನ್ ಹೋದ್ರೆ ಹೋಗ್ಲಿ ಬಿಂದು. ಪೂರ್ವಕ್ಕೆ ಮುಖ ಮಾಡಿ ಕೂರೋ ಹಾಗೆ ಒಂದು ಜಾಗ ನೋಡಮ್ಮ."

ಮಾರ್ಚ್ 6
ನೋಡಿದೆ. ಸಾಲು ಬಿಟ್ಟು, ಪೂರ್ವದ ಕಿಟಕಿಗೆ ಒಂಟಿ ಮೇಜು. ಗಾಳಿ, ಬೆಳಕು, ಹೊಂಗೆ ಮರ. ಬೆನ್ನು ಎಲ್ಲರ ಕಡೆಗೆ — ಇರಲಿ, ಹಿರಿಯರು. ಸಾರ್ ಖುಷಿಯಾಗಿ ಚಂದ್ರಾ ಲೇಔಟಿನಿಂದ ಖಾಲಿ ದೋಸೆ ಪಾರ್ಸೆಲ್ ತಂದುಕೊಟ್ಟರು. ಆದರೂ ಏನೋ ಕಸಿವಿಸಿ... ಸುಮ್ಮನೆ ಎರಡು ಸಲ ಎದ್ದು ಹೋಗಿ ನೋಡಿ ಬಂದೆ.

ಮಾರ್ಚ್ 17
ಹೊಸ ಮ್ಯಾನೇಜರ್ ನಿಶಿದಾ ಬಂದರು. ಕಿಟಕಿ ಹತ್ತಿರ ನಿಂತು ಸಾರ್‌ಗೆ ಸೊಂಟ ಬಗ್ಗಿಸಿ ನಮಸ್ಕಾರ. "ಮರ್ಯಾದೆ ಅಂದ್ರೆ ಇದಮ್ಮ," ಅಂದರು ಸಾರ್.

ಮಾರ್ಚ್ 21
ಕೊಟೇಶನ್‌ಗಳೆಲ್ಲ ಜೂನಿಯರ್ ಕಶ್ಯಪ್‌ಗೆ ನೇರ ಹೋಗುತ್ತಿವೆ. ಸಾರ್‌ಗೆ ನಾಲ್ಕು ದಿನದಿಂದ ಒಂದೂ ಮೇಲ್ ಇಲ್ಲ. "ಸರ್ವರ್ ಪ್ರಾಬ್ಲಮ್ಮಾ ನೋಡು," ಅನ್ನುತ್ತಾರೆ. ಸರ್ವರ್ ಸರಿ ಇದೆ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಮಾರ್ಚ್ 24, ಮಧ್ಯಾಹ್ನ
ಊಟಕ್ಕೆ ಕೂತಾಗ ಇಂಟರ್‌ಪ್ರಿಟರ್ ಕವನಾಳನ್ನು, ಸಾರ್ ಕೈಗೆ ಕೆಲಸ ಯಾಕೆ ಬರುತ್ತಿಲ್ಲ ಅಂತ ಕೇಳಿದೆ. ಚಮಚ ಕೆಳಗಿಟ್ಟಳು.
"ಅಕ್ಕ, ಜಪಾನಲ್ಲಿ ಮನೆಗೆ ಕಳಿಸೋಕಾಗದೆ ಕೆಲಸ ಮಾತ್ರ ಕಿತ್ಕೊಂಡವ್ರನ್ನ ಕಿಟಕಿ ಪಕ್ಕ ಕೂರಿಸ್ತಾರೆ. ಸಾರ್‌ನ ನಾವೇ ಹಾಗೆ ಕೂರಿಸಿದೀವಿ ಅಂದ್ಕೊಂಡಿದಾರೆ ನಿಶಿದಾ."
ಮರ್ಯಾದೆ ಮಾಡಲು ಹೋಗಿ ನಾನೇ ಅವರ ಕೆಲಸ ಕಳೆದೆ.
ಅವಳನ್ನು ಎಳೆದುಕೊಂಡು ನಿಶಿದಾ ಹತ್ತಿರ ಓಡಿದೆ. ಪೂರ್ತಿ ಕೇಳಿಸಿಕೊಂಡರು. ಕೆಲಸ ಬೇಕಿದ್ದರೆ ನಾಳೆಯಿಂದ ಸಾಲಿನ ತಲೆಗೆ ಬಂದು ಕೂರಲಿ, ಅಂದರು. ಆ ಕುರ್ಚಿ ದಕ್ಷಿಣಕ್ಕೆ. ದಕ್ಷಿಣಕ್ಕೆ ಮುಖ ಮಾಡಿ ಸಾರ್ ಕಾಫಿಯನ್ನೂ ಕುಡಿದವರಲ್ಲ.

ಮಾರ್ಚ್ 25, ಬೆಳಗ್ಗೆ
ಎಲ್ಲ ಹೇಳಿಬಿಟ್ಟೆ. ಸಾರ್ ಒಂದು ಸಲ ಹೊಂಗೆ ಮರದ ಕಡೆ ನೋಡಿದರು. ಆಮೇಲೆ ಕಂಪ್ಯೂಟರಿನ ವೈರ್ ತಾವೇ ಕಿತ್ತರು.
"ಆ ಕಡೆ ಹಿಡ್ಕೊ. ದಕ್ಷಿಣಾನೇ ಇರ್ಲಿ."

11.20
ಸಾರ್ ಅಲ್ಲಿ ಕೂತ ಮೇಲೆ ಮೊದಲ ಕೊಟೇಶನ್ ಬಂತು. ಕಶ್ಯಪ್ ಸರಿ ಅಂದಿದ್ದ ಸ್ಟೀಲ್ ಶೀಟಿನ ದಪ್ಪವೇ ತಪ್ಪು. ಇಡೀ ಫ್ಲೋರಿಗೆ ಕೇಳುವ ಹಾಗೆ ಕಶ್ಯಪ್‌ಗೆ ಬೈದರು. ನನಗೆ ಅಳು ಬಂತು, ಖುಷಿಗೆ. ಈಗ ನನ್ನ ಹೆಸರು ಕೂಗುತ್ತಿದ್ದಾರೆ, ಅದೇ ದನಿಯಲ್ಲಿ —