ನೂರ್ ಬೀ ಖಾಲಾನ ಕ್ಯಾಮರಾಗಳು

ಜುಲೈ 9, 2024
ಮತ್ತ ಅದೇ ಕೆಲಸ. ಹಳೇ ಟವೆಲ್ ಹಾಸಿ ಕ್ಯಾಮರಾ ಇಟ್ಟೆ. ಮೊದ್ಲು ರಬ್ಬರ್ ಬಲ್ಬ್‌ಲೆ ಗಾಳಿ, ಆಮ್ಯಾಲ ಬ್ರಷ್. ಬಾಯಿಲೆ ಊದಬಾರದು — ಎಂಜಲ ಸಿಡೀತದ.

ಲಕ್ವಾ ಹೊಡದು ಬಲಗೈ ಬಿದ್ದಾಗಿಂದ ಹೊಲಿಗಿ ಮಷಿನ್ ಮುಚ್ಚಿಟ್ಟೀನಿ. ಸೂಜಿ ಹಿಡಿಯಾಕ ಬರಂಗಿಲ್ಲ. ಮ್ಯಾಲಿನ ಮನಿ ನೂರ್ ಬೀ ಖಾಲಾ ಹೋದ ತಿಂಗಳು ಹಳೇ ಕ್ಯಾಮರಾ ಇದ್ದ ಒಂದು ಟ್ರಂಕ್ ತರಿಸಿ ಮುಂದಿಟ್ರು. ತೀರಿಕೊಂಡ ಗಂಡಂದು. ಮಾನ್ವಿ ಊರಾಗ ಫೋಟೊ ಸ್ಟುಡಿಯೊ ಇತ್ತು ಅವರದು. "ನಂಗ ಕಣ್ಣು ಮಂಜು ರಾಧಾ. ನಾ ಹೇಳ್ತೀನಿ, ನೀ ಒರಸು. ನಿನ್ನ ಕೈಗೂ ಕಸರತ್ತಾಗ್ತದ" ಅಂದ್ರು.

ಜುಲೈ 17
ಬ್ಯಾಟರಿ ಜಾಗದಾಗ ಹಸಿರು ಕಿಲುಬು. ಹತ್ತಿಗೆ ವಿನೆಗರ್ ಹಚ್ಚಿ ತಗದೆ. ಕ್ಯಾಮರಾದ ಹಿಂದಿನ ಬಾಗಿಲ ಅಂಚಿನ ಸ್ಪಂಜು ಕರಗಿ ಡಾಂಬರಿನಂಗ ಆಗಿತ್ತು. "ಒಳಗ ಶಟರ್ ಪರದಾ ಅದ, ಬೆಳಕು ತಡಿಯೋ ತೆಳ್ಳನ ಕರೇ ಬಟ್ಟಿ. ಅದನ್ನ ಮಾತ್ರ ಮುಟ್ಟಬ್ಯಾಡ ಬೇಟಿ" ಅಂದ್ರು ಖಾಲಾ.

ಹೆಬ್ಬಟ್ಟು ಇವತ್ತು ನಡುಗಲಿಲ್ಲ. ನಮ್ಮನಿಯವರು ಬಸ್ ಡ್ಯೂಟಿ ಮುಗಿಸಿ ಬಂದು ನೋಡಿದ್ರು. "ಇನ್ನ ನನ್ನ ಅಂಗಿ ಗುಂಡಿ ಹಚ್ಚತಿ ಬಿಡು!" ನಕ್ಕೆ... ಎಷ್ಟು ದಿನಾಗಿತ್ತು.

ಜುಲೈ 19, ಮಧ್ಯಾಹ್ನ
ಮುಟ್ಟಿಬಿಟ್ಟೆ. ಬೆರಳು ಜಗ್ಗಿತು, ಪರದಾ ಹರೀತು. ಅದೂ ಖಾಲಾನ ಗಂಡ ಮದಿವಿ ಮನಿಗೆಲ್ಲ ಕೊರಳಾಗ ಹಾಕ್ಕೊಂಡು ಹೋಗ್ತಿದ್ದ ಕ್ಯಾಮರಾ. ಹೇಳಿದೆ. ಖಾಲಾ ಎದ್ದು ಮ್ಯಾಲ ಹೋದ್ರು.

ಆಗಸ್ಟ್ 2
ಮೆಟ್ಲ ಹತ್ತಾಕ ಮುಖ ಇರ್ಲಿಲ್ಲ. ಇವತ್ತು ಖಾಲಾನೇ ಗ್ವಾಡಿ ಹಿಡಕೊಂಡು ಇಳದು ಬಂದ್ರು. ಸೆರಗಿನಾಗ ಇನ್ನೊಂದು ಕ್ಯಾಮರಾ.
"ಬ್ಯಾಡ್ರಿ ಖಾಲಾ, ಇದನ್ನೂ ಕೆಡಸ್ತೀನಿ."
"ಅವತ್ತು ಅವರ ನೆನಪಾತು. ನಿನ್ನ ಮುಂದ ಅಳಬಾರದಂತ ಎದ್ದು ಹೋದೆ, ಸಿಟ್ಟಿಲ್ಲ. ಪರದಾ ಹರೀತಂತ ನಿನ್ನ ಕೈ ಬಿಡ್ಲೇನು?"
ನನ್ನ ಬಲಗೈ ತಗೊಂಡು ತಿಕ್ಕಿದ್ರು. ಇಬ್ರೂ ಅತ್ವಿ.

ಆಗಸ್ಟ್ 11
ನಮ್ಮನಿಯವರು ಪರದಾ ಹರದ ಕ್ಯಾಮರಾ ದೇವದುರ್ಗಕ್ಕ ಒಯ್ದಿದ್ರು. ರಿಪೇರಿ ಮಾಡೋ ಹಂಪಯ್ಯನೋರು, ಇಂಥಾ ಪರದಾ ಈಗ ಸಿಗಂಗಿಲ್ಲ ಅಂದ್ರಂತ. ಖಾಲಾ ಅದನ್ನ ಕಪಾಟಿನಾಗ ಇಟ್ರು. "ಇರ್ಲಿ. ನನ್ನಂಗ ಅದಕ್ಕೂ ವಯಸ್ಸಾತು."

ಆಗಸ್ಟ್ 25, ಸಂಜಿ
ಎರಡನೇ ಕ್ಯಾಮರಾ ತಯಾರ್! ಖಾಲಾನ ಮಗಳು ಹೈದರಾಬಾದಿಂದ ಫಿಲ್ಮ್ ರೋಲ್ ಕಳಿಸಿದ್ಲು. ಮಾಳಗಿ ಮ್ಯಾಲ ಕುರ್ಚಿ ಹಾಕಿ ಖಾಲಾನ್ನ ಕೂಡಿಸಿದೆ.
"ಸ್ಟುಡಿಯೊದಾಗ ಲೈಟ್ ಹಿಡಿಯೋದು ನಂದು. ನಮ್ಮನಿಯವರು ಊರ ಮಂದಿ ಫೋಟೊ ಎಲ್ಲ ತಗದ್ರು, ನಂದೊಂದು ತಗೀಲಿಲ್ಲ ನೋಡು. ಸೆರಗು ಸರಿ ಅದೇನು?"
"ಚಂದ ಅದ ಖಾಲಾ. ಅಲಗ್ಯಾಡಬ್ಯಾಡ್ರಿ."
ಫಿಲ್ಮ್ ಸರಿಸೋ ಲೀವರ್ ಎಳದೆ. ನನ್ನ ಹೆಬ್ಬಟ್ಟಿಲೆ, ಪೂರಾ ಕಡೀತನಕ. ಬಟನ್ ಒತ್ತಿದೆ, ಟಪ್ ಅಂತು. ಕೈಯಾಗ ಆ ಸದ್ದು ಇನ್ನೂ ಅದ.

ಚಾ ಇಡಾಕ ಕೆಳಗ ಬಂದೀನಿ. ಇಂಥವರನ್ನ ನನ್ನ ಮನಿ ಮ್ಯಾಲೇ ಇಟ್ಟಾನ ದೇವರು. ಅವರಿಗೆ ಒಂದು ಮಾತು ಹೇಳಬೇಕು, ಏನಂತ ತಿಳೀವಲ್ದು... ಕೂಗಾಕತ್ತಾರ. "ರಾಧಾ! ಬಾ, ಕುರ್ಚಿ ಮ್ಯಾಲ ಈಗ ನೀ ಕೂಡು. ನಾ ತಗೀತೀನಿ!" ಕಣ್ಣು ಸರಿ ಕಾಣಂಗಿಲ್ಲ, ಆದ್ರೂ ತಗೀತಾರಂತ. ಹೋಗ್ತೀನಿ, ಬೆಳಕು ಇರೋದ್ರಾಗ —