ಬಿಸಿಲುಗಾಡಿಯ ಕಾವಲು

ಕಾನಾಕ್‌ನ ಆಚೆ, ಹೆಪ್ಪುಗಟ್ಟಿದ ಕಡಲ ಮೇಲಿನ ಬಿಡಾರ
ಏಪ್ರಿಲ್ ೨೨

ತಮ್ಮ ಕಾವಿಗಾಕ್‌ಗೆ,

ನನ್ನ ಕೈಗೆ ಪೆನ್ನು ಬಂದದ್ದು ನಿನ್ನ ಮಗಳ ದೆಸೆಯಿಂದ. ಬಿಡಾರದ ಫೋನಿನಲ್ಲಿ ಹೇಳೋಣವೆಂದರೆ ಇವಾಲು ಅದರ ಪಕ್ಕದಲ್ಲೇ ಮಲಗುತ್ತಾಳೆ. ಶಾಲೆ ಬಿಟ್ಟ ಮೇಲೆ ನಾನು ಬರೆದದ್ದು ನನ್ನ ಹೆಸರೊಂದೇ. ಅಕ್ಷರ ನೋಡಿ ನಗಬೇಡ. ನೀನು ಕಳಿಸಿದ ಒಣಮೀನು ತಲುಪಿತು, ಹೇಳುವುದು ತಡವಾಯಿತು. ಕಾಲುನೋವು ಹೇಗಿದೆ?

ಇಲ್ಲಿ ನನ್ನ ಕೆಲಸ ಕರಡಿ ಬರದಂತೆ ಕಾಯುವುದು. ಇವಾಲು ಮತ್ತು ದಕ್ಷಿಣದಿಂದ ಬಂದ ಯೆಪ್ಪೆ ಎಂಬವನು ಸೇರಿ ಗಾಡಿಯೊಂದನ್ನು ಪರೀಕ್ಷಿಸುತ್ತಿದ್ದಾರೆ. ಅದು ಬಿಸಿಲು ಕುಡಿದು, ಓಡಿಸುವವರಿಲ್ಲದೆ, ತಾನೇ ದಾರಿ ಹುಡುಕಿಕೊಂಡು ಹೋಗುತ್ತದೆ. ಬಿಳಿ ಬಣ್ಣ, ಸದ್ದಿಲ್ಲ, ಥೇಟ್ ಕರಡಿಯ ನಡಿಗೆ. ದಿನವೂ ಅದನ್ನು ನೋಡಿ ನೋಡಿ, ದೂರದಲ್ಲಿ ಬೆಳ್ಳಗಿನದು ಅಲುಗಿದರೂ ಲೆಕ್ಕಿಸದಷ್ಟು ರೂಢಿಯಾಗಿಬಿಟ್ಟಿತ್ತು.

ಹೋದ ವಾರ ಗಾಡಿಯ ಮೇಲಿನ ಹಿಮ ಒರೆಸಲು ಹೊರಟ ಇವಾಲು, "ದೊಡ್ಡಪ್ಪ, ಆ ದಿಬ್ಬದ ಹತ್ರ ಇರೋದು ಗಾಡಿನೇ ತಾನೆ?" ಎಂದಳು.

"ಇನ್ನೇನು, ನಿಮ್ಮಪ್ಪನಾ? ಹೋಗು" ಎಂದೆ.

ಹೋದಳು. ಬಿಡಾರದ ನಾಯಿಗಳು ಸರಪಳಿ ಹರಿಯುವಂತೆ ಬೊಗಳಿದಾಗ ಅದು ತಲೆಯೆತ್ತಿತು. ಕರಡಿ. ಗಾಳಿಯಲ್ಲಿ ಗುಂಡು ಹಾರಿಸಿದೆ, ತಿರುಗಿ ಹೋಯಿತು.

ಊಟಕ್ಕೆ ಕೂತಾಗ ಅವಳಿಗೆ ಅದೇ ತಮಾಷೆ. "ನಮ್ಮ ದೊಡ್ಡಪ್ಪ ಕರಡಿಗೂ ಚಕ್ರ ಹಾಕ್ಬಿಟ್ರು" ಎಂದಳು. ನಾನೂ ನಕ್ಕೆ. ಚಹಾ ಮುಗಿಸದೆ ಲೋಟ ಕೆಳಗಿಟ್ಟೆ.

ಅವತ್ತಿನಿಂದ ಮಂಜುಗಡ್ಡೆ ಬಿರಿದಿದೆ ಎಂದು ಸುಳ್ಳು ಹೇಳಿ ಇಬ್ಬರನ್ನೂ ಬಿಡಾರದಲ್ಲೇ ಕೂರಿಸಿದ್ದೇನೆ. ನಿನ್ನೆ ಅವಳು ಕೋಲಿನಿಂದ ಕುಟ್ಟಿ ನೋಡಿ ಬಂದಳು. "ಇದರ ಮೇಲೆ ತಿಮಿಂಗಿಲ ಮಲಗ್ಬೋದು. ನಿಮಗ್ಯಾಕೆ ಇಷ್ಟು ಪುಕ್ಕಲು?" ಎಂದಳು. ತಿಂಗಳ ಕೊನೆಗೆ ನನ್ನನ್ನು ಕೇಳದೆ ಗಾಡಿಯ ಜೊತೆ ಹೊರಡುತ್ತೇವೆ ಎಂದು ಯೆಪ್ಪೆ ಹೇಳಿದ್ದಾನೆ. ಬಂದೂಕು ಅವಳಿಗೇ ಕೊಡಬಹುದಿತ್ತು, ಆದರೆ ಗಾಡಿಯ ಮೇಲೆ ಕಣ್ಣಿಟ್ಟವಳು ಬೆನ್ನ ಹಿಂದೆ ಏನು ಕಂಡಾಳು? ನೀನೇ ಜಾರುಬಂಡಿಗೆ ನಾಯಿಗಳನ್ನು ಕಟ್ಟಿಕೊಂಡು ಬಾ. ಕಾವಲಿಗೆ ನೀನು ನಿಲ್ಲು.

ನಿನ್ನ ಹೆಂಡತಿಗೆ ಒಳ್ಳೆಯದಾಗಲಿ. ನಿನ್ನ ನಾಯಿಗಳ ಹೊಟ್ಟೆ ತುಂಬಿರಲಿ.

ನಿನ್ನ ಅಣ್ಣ,
ಮಿತೆಕ್

ಇನ್ನೊಂದು ಮಾತು. ಇವತ್ತು ಬೆಳಿಗ್ಗೆ ಗುಡಾರದ ಹಿಂದೆ ಬೆಳ್ಳಗಿನದೊಂದು ಬಗ್ಗಿಕೊಂಡು ಬರುತ್ತಿತ್ತು. ಈ ಸಲ ಮೋಸಹೋಗಬಾರದೆಂದು ಗುರಿಯಿಟ್ಟೆ. ಬೆರಳು ಬಂದೂಕಿನ ಕುದುರೆಯ ಮೇಲಿತ್ತು. ಅದು ಕೆಮ್ಮಿತು. ಇವಾಲು, ಬಿಳಿ ಮೇಲಂಗಿ ಹಾಕಿಕೊಂಡು, ಚಹಾಕ್ಕೆಂದು ಮಂಜುಗಡ್ಡೆ ಹೊತ್ತು ತರುತ್ತಿದ್ದಳು. ರೂಢಿಯೂ ಇಲ್ಲ, ಮಣ್ಣೂ ಇಲ್ಲ, ನನ್ನ ಕಣ್ಣು ಹೋಗಿದೆ. ಈ ಕಾಗದ ಕಾಣುತ್ತದೆ, ಹತ್ತು ಮಾರಿನಾಚೆ ಎಲ್ಲ ಮಬ್ಬು. ಅವಳಿಗೆ ಹೇಳಲು ಬಾಯಿ ಬರುತ್ತಿಲ್ಲ. ಗುಂಡು ತೆಗೆದಿಟ್ಟು ಬರಿಯ ಬಂದೂಕು ಹಿಡಿದು ಕಾಯುತ್ತಿದ್ದೇನೆ. ಬರುತ್ತೀಯೋ ಇಲ್ಲವೋ, ಇಪ್ಪತ್ತೆಂಟರೊಳಗೆ ಉತ್ತರ ಬರಬೇಕು.