ನೀನು ಬದಿಗೆ ಸರಿಸಿದ ಸೌತೆಕಾಯಿ

ತಮ್ಮಾ,

ಅಮ್ಮನ ಹತ್ತಿರ ಆಸ್ಪತ್ರೆಗೆ ಹೊರಟೆ. ಅನ್ನ ಬಿಸಿ ಮಾಡಿಕೊ. ಬುಟ್ಟಿಯಲ್ಲಿದ್ದ ಹಸಿ ತರಕಾರಿಯನ್ನೆಲ್ಲ ಎಸೆದಿದ್ದೇನೆ. ಇವತ್ತು ದೇವರ ಪದ ಹೇಳಲು ನಾಲಿಗೆ ಏಳಲಿಲ್ಲ, ದೀಪ ನೀನೇ ಹಚ್ಚು.

ಅಮ್ಮನ ಜ್ವರಕ್ಕೆ ಯಾವ ಔಷಧಿಯೂ ನಾಟುತ್ತಿಲ್ಲ. "ಮಾರುಕಟ್ಟೆಯ ತರಕಾರಿಯಲ್ಲಿ ಔಷಧಿಗೆ ಬಗ್ಗದ ರೋಗಾಣು ಇದೆ ಅಂತ ನಿಮ್ಮ ತಮ್ಮ ಕೆಲಸ ಮಾಡೋ ಲ್ಯಾಬೇ ತಿಂಗಳ ಹಿಂದೆ ಕಂಡುಹಿಡೀತಂತಲ್ಲಮ್ಮ, ನಮಗೆ ವರದಿ ಈಗ ಬಂತು. ಮನೇಲಿ ಹೇಳಲಿಲ್ವಾ?" ಅಂದರು ಡಾಕ್ಟರು.

ತಿಂಗಳಿಂದ ನೀನು ತಟ್ಟೆಯಲ್ಲಿ ಸೌತೆಕಾಯಿ ಬದಿಗೆ ಸರಿಸುತ್ತಿದ್ದೆ. ಏನೋ ವ್ರತ ಹಿಡಿದಿದ್ದಾನೆ, ಕೇಳಬಾರದು ಅಂದುಕೊಂಡೆ. ನೀನು ಬಿಟ್ಟ ಹೋಳು ಹಾಳಾಗಬಾರದೆಂದು ಅಮ್ಮ ತಿನ್ನುತ್ತಿದ್ದಳು. ನೀನು ನೋಡುತ್ತ ಕೂತಿದ್ದೆ. ಆಫೀಸಿನ ಗುಟ್ಟೆಂದು ಬಾಯಿಗೆ ಬೀಗ ಹಾಕಿಕೊಂಡೆ, ಸರಿ. ಅವಳ ಕೈ ತಡೆಯಲು ನಿನ್ನ ಕೈಗೂ ಬೀಗವಿತ್ತೇನೋ?

ಎಚ್ಚರವಾದಾಗಲೆಲ್ಲ ಅಮ್ಮ ಕೇಳುವುದು ಒಂದೇ: "ಅವನು ಉಂಡನಾ?"

ನಿನ್ನ ವ್ರತ ಎಂಥದ್ದೆಂದು ನಾನು ಅವಳಿಗೆ ಹೇಳಿಲ್ಲ. ಸಂಜೆ ಬಂದು ನೀನೇ ಹೇಳು.

ಅಕ್ಕ